ಇಂಗ್ಲೆಂಡಿನ ಇಟ್ಟಿಗೆ ಮನೆಗೆ ನಮ್ಮ ಸೂರು

ಖರ್ಜೂರ ಮುಗಿದರೂ ಅದರ ರಟ್ಟಿನ ಪೆಟ್ಟಿಗೆಯನ್ನು ಎಸೆಯಲು ನನಗೆ ಕೈ ಬರುವುದಿಲ್ಲ. ಸೌದಿಯ ಥುಕ್ಬಾದ ನಮ್ಮ ಪುಟ್ಟ ಮನೆಯ ಕಪಾಟಿನ ಮೇಲೆ ಅವು ಬೆಳೆಯುತ್ತಲೇ ಇರುತ್ತವೆ, ಹೆಂಡತಿಯ ಗೊಣಗಾಟದ ಜೊತೆಜೊತೆಗೇ. ಮೊನ್ನೆ ಅವುಗಳ ಭಾಗ್ಯದ ಬಾಗಿಲು ತೆರೆಯಿತು ನೋಡಿ! ಮಗಳು ಆಯಿಷಾ ಇಂಗ್ಲೆಂಡಿನ ಹಳೆಯ ಇಟ್ಟಿಗೆ ಮನೆಯೊಂದರ ಮಾದರಿಯನ್ನು ಮರುದಿನವೇ ಶಾಲೆಯ ಪ್ರದರ್ಶನಕ್ಕೆ ಒಯ್ಯಬೇಕಿತ್ತು.

ಅವಳು ತೋರಿಸಿದ ಚಿತ್ರ ನೋಡಿದ್ದೇ ತಡ, ನನಗೆ ಹುಚ್ಚು ಹಿಡಿಯಿತು. ಆಹಾ, ಆ ಗೋಡೆಯೇ! ಒಂದು ಸಾಲಿನ ಇಟ್ಟಿಗೆಗಳು ಉದ್ದಕ್ಕೆ ಮಲಗಿದರೆ, ಮೇಲಿನ ಸಾಲಿನವು ತಲೆ ಮಾತ್ರ ಹೊರಗಿಟ್ಟು ಗೋಡೆಯೊಳಕ್ಕೆ ಕಾಲು ಚಾಚಿವೆ. ಕಿಟಕಿಗಳ ನೆತ್ತಿಯಲ್ಲಿ ಬೀಸಣಿಗೆಯಂತೆ ಬಿಚ್ಚಿಕೊಂಡಿವೆ. ಹೊಗೆಗೂಡಿಗೆ ಬಂದರೆ ಹೆಣೆದ ಜಡೆಯಂತೆ ತಿರುಚಿಕೊಂಡು ಆಕಾಶಕ್ಕೇರಿವೆ. ನಮ್ಮ ಕರಾವಳಿಯ ಕೆಂಪುಕಲ್ಲನ್ನೆತ್ತಲು ಎರಡು ಕೈಯೂ ಒಂದು ಏದುಸಿರೂ ಬೇಕು. ಇಟ್ಟಿಗೆಗೆ ಒಂದೇ ಕೈ ಸಾಕು, ಇನ್ನೊಂದು ಗಾರೆ ಮೆತ್ತುವ ಕರಣೆಗೆ. ಅಂದಮೇಲೆ ಅಷ್ಟು ದೊಡ್ಡ ಮನೆಯ ಅಳತೆಗೋಲು ಯಾರೋ ಮೇಸ್ತ್ರಿಯ ಒಂದು ಅಂಗೈ, ಅಲ್ಲವೇ ಗೆಳೆಯರೇ?

ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ಕುಳಿತೆವು. ನಾನು ರಟ್ಟಿನ ಗೋಡೆ ಎಬ್ಬಿಸಿದೆ, ಆಯಿಷಾ ಒಂದೊಂದೇ ಇಟ್ಟಿಗೆ ಬರೆದು ಬಣ್ಣ ತುಂಬಿದಳು. ಕೊನೆಗೆ ನಾನು ಮಾಡನ್ನು, ಅಂದರೆ ಚಾವಣಿಯನ್ನು, ಗೋಡೆಯಿಂದ ನಾಲ್ಕು ಬೆರಳು ಮುಂದಕ್ಕೆ ಚಾಚಿ ಅಂಟಿಸಿದೆ. ಅವಳು ಅಷ್ಟು ಅಕ್ಕರೆಯಿಂದ ಬರೆದ ಬೀಸಣಿಗೆಗಳೆಲ್ಲ ಸೂರಿನಡಿ ಅಡಗಿಹೋದವು.

“ಉಪ್ಪಾ, ಎಂತ ಮಾಡಿದ್ರಿ? ಚಿತ್ರದಲ್ಲಿ ಇಷ್ಟುದ್ದ ಇಲ್ಲ!” ಅವಳ ಕಣ್ಣು ತುಂಬಿತು.

“ಗೋಡೆಗೆ ಮಳೆ ಬೀಳ್ತದಲ್ಲ ಮಗಾ.”

ಅಡುಗೆಮನೆಯಿಂದ ಹೆಂಡತಿಯ ನಗು. “ಮಾರಾಯ್ರೇ, ಥುಕ್ಬಾದಲ್ಲಿ ಏಸಿಯ ನೀರು ಬಿಟ್ರೆ ಮೇಲಿನಿಂದ ಬೇರೆ ಎಂತ ಬೀಳ್ತದೆ?”

ನಿಜವೇ. ಆದರೆ ಗೋಡೆ ಎದ್ದಲ್ಲಿ ಸೂರು ಚಾಚಬೇಕೆಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಊರಿನ ಆಟಿ ತಿಂಗಳ ಮಳೆ ಕಂಡ ಬೆರಳುಗಳು ತಾವಾಗಿಯೇ ಅಳೆದುಬಿಟ್ಟಿದ್ದವು. ಆ ಇಂಗ್ಲಿಷ್ ಮೇಸ್ತ್ರಿಯ ಅಂಗೈಯಂತೆ ನನ್ನ ಬೆರಳಿಗೂ ಒಂದು ಊರಿದೆ!

ಕತ್ತರಿ ಹಿಡಿದು ಮುಂಬದಿಯ ಸೂರನ್ನು ಹುಷಾರಾಗಿ ಕತ್ತರಿಸಿದೆ. ಬೀಸಣಿಗೆಗಳು ಮತ್ತೆ ಬಿಚ್ಚಿಕೊಂಡವು, ಮಗಳ ಮುಖವೂ. ಹಿಂಬದಿಗೆ ಕತ್ತರಿ ಇಟ್ಟಾಗ ಮಾತ್ರ ಅವಳು ನನ್ನ ಕೈ ಹಿಡಿದಳು.

“ಅದು ಇರ್ಲಿ.”

“ಯಾಕೆ?”

“ಚಪ್ಪಲಿ ಎಲ್ಲಿ ಬಿಡುದು ಮತ್ತೆ? ಒದ್ದೆ ಆಗುದಿಲ್ವಾ?”

ಊರಿನ ಮಳೆಗಾಲದಲ್ಲೇ ಬರುವ ಇಲ್ಲಿನ ಶಾಲೆಯ ದೊಡ್ಡ ರಜೆಯಲ್ಲಷ್ಟೇ ಊರು ಕಂಡವಳು ಅವಳು. ಅವಳ ಊರಿನಲ್ಲಿ ಮಳೆ ನಿಂತದ್ದೇ ಇಲ್ಲ.

ಬೆಳಿಗ್ಗೆ ಮನೆ ಶಾಲೆಯ ಬಸ್ಸು ಹತ್ತಿತು: ಮುಂದಿನಿಂದ ಅಪ್ಪಟ ಇಂಗ್ಲೆಂಡು, ಹಿಂದೆ ನಾಲ್ಕು ಬೆರಳು ನಮ್ಮೂರು, ಬಗ್ಗಿ ನೋಡಿದರೆ ಸೂರಿನಡಿ ಖರ್ಜೂರದ ಪೆಟ್ಟಿಗೆಯ ಅರಬಿ ಅಕ್ಷರಗಳು. ಮನೆಯೊಳಗೆ ಬಂದರೆ, ಹೆಂಡತಿ ಕುರ್ಚಿ ಹತ್ತಿ, ಆಗಷ್ಟೇ ಖಾಲಿಯಾದ ಪೆಟ್ಟಿಗೆಯೊಂದನ್ನು ತಾನೇ ಕಪಾಟಿನ ಮೇಲೆ ಇಡುತ್ತಿದ್ದಳು.