ಬೇಡರ ಬೈರ ಮೀಸೆ ತೆಗೆದದ್ದು

ಟಿಲ್ಲರ್ ಬೈರ ಒಂದು ಬೆಳಿಗ್ಗೆ ಮೀಸೆ ತೆಗೆಸಿಕೊಂಡು ಬಂದಾಗ, ಬನವಾಸಿ ರಸ್ತೆಯ ಜನ ಅವನ ಮನೆಯಲ್ಲಿ ಯಾರೋ ತೀರಿಕೊಂಡಿರಬೇಕು ಅಂದುಕೊಂಡರು. ಒಬ್ಬಿಬ್ಬರು ತಗ್ಗಿದ ದನಿಯಲ್ಲಿ ಕೇಳಿಯೂ ಬಿಟ್ಟರು. "ಎಲ್ಲಾ ಗಟ್ಟಿಯಾಗೇ ಇದ್ದಾರೆ" ಎಂದವನೇ ಬೈರ ಬಾಡಿಗೆಗೆ ಉಳಬೇಕಿದ್ದ ಗದ್ದೆಯ ಕಡೆ ಟಿಲ್ಲರ್ ತಿರುಗಿಸಿದ.

ಮೀಸೆ ಹೋದದ್ದು ಮೊಮ್ಮಗಳು ಕಾವ್ಯಶ್ರೀಗಾಗಿ. ಹರೆಯದಿಂದಲೂ ಬೈರ ಶಿರಸಿಯ ಹೋಳಿಯಲ್ಲಿ ಬೇಡರ ವೇಷ ಕಟ್ಟಿದವನು. ಮುಖದ ತುಂಬ ಕೆಂಪು ಬಣ್ಣ, ಬೆನ್ನಿಗೆ ನವಿಲುಗರಿ, ಕೈಯಲ್ಲಿ ಕತ್ತಿ ಗುರಾಣಿ. ತಮಟೆಯ ಪೆಟ್ಟು ಏರಿದಂತೆ ಬೇಡ ಕೆರಳುತ್ತಾನೆ, ಜನರ ಮೇಲೆ ನುಗ್ಗುತ್ತಾನೆ. ಅವನ ಸೊಂಟಕ್ಕೆ ಕಟ್ಟಿದ ಹಗ್ಗಗಳನ್ನು ಇಬ್ಬರು ಹಿಂದಿನಿಂದ ಬಲವಾಗಿ ಎಳೆದು ಹಿಡಿದಿರುತ್ತಾರೆ. ಕಳೆದ ಹೋಳಿಯಲ್ಲಿ ಮಗಳು ತನುಜಾ, ನಾಲ್ಕು ತುಂಬಿದ ತನ್ನ ಕೂಸನ್ನು ಎತ್ತಿ ಹಿಡಿದು, ಅಗೋ ನಿನ್ನ ಅಜ್ಜ ಎಂದು ತೋರಿಸಿದ್ದಳು.

ಅಂದಿನಿಂದ ಕಾವ್ಯಶ್ರೀ ಅಜ್ಜನ ಹತ್ತಿರ ಸುಳಿಯಲಿಲ್ಲ. ಅವನು ಅಂಗಳಕ್ಕೆ ಬಂದರೆ ಅವಳು ಹಿತ್ತಲಿಗೆ. ಅವನು ಊಟಕ್ಕೆ ಕೂತರೆ ಬಾಗಿಲ ಸಂದಿಯಲ್ಲಿ ಅವಳದೊಂದು ಕಣ್ಣು, ಅವನ ಕೈಯ ಮೇಲೆಯೇ ನೆಟ್ಟದ್ದು. ಬೈರ ದನಿ ತಗ್ಗಿಸಿ ನೋಡಿದ, ಕೆಂಪು ಅಂಗಿ ಬಿಟ್ಟ, ಕೊನೆಗೆ ಮೀಸೆಯನ್ನೂ ಬಿಟ್ಟ. ಬೋಳು ಮೂತಿಯ ಅಜ್ಜನನ್ನು ಅವಳು ಇನ್ನಷ್ಟು ಅನುಮಾನದಿಂದ ನೋಡಿದಳು.

ತನುಜಾಳ ಗಂಡ ಲಾರಿ ಓಡಿಸುವವನು. ತಾಯಿ ಮಗಳು ಇದ್ದದ್ದು ಬೈರನ ಮನೆಯಲ್ಲೇ. ಈಗ ತನುಜಾಗೆ ಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ ಸಿಕ್ಕಿತ್ತು, ಸೋಮವಾರದಿಂದ ಹೋಗಬೇಕು. ಹಗಲೆಲ್ಲ ಕೂಸು ಇಲ್ಲಿ ನಿಲ್ಲದಿದ್ದರೆ ಯಲ್ಲಾಪುರಕ್ಕೆ, ಗಂಡನ ತಾಯಿಯ ಮನೆಗೆ ಬಿಟ್ಟು ಬರಬೇಕು. ಈ ಮಾತನ್ನು ಯಾರೂ ಬೈರನ ಎದುರು ಆಡಿರಲಿಲ್ಲ. ಅವನು ಅಡುಗೆಮನೆಗೆ ಕಾಲಿಟ್ಟೊಡನೆ ಹೆಂಡತಿ ಚೌಡಮ್ಮ ಮತ್ತು ತನುಜಾ ಮಾತು ನಿಲ್ಲಿಸುತ್ತಿದ್ದರು. ಅವನಿಗೆ ಅಷ್ಟೇ ಸಾಕಾಗಿತ್ತು.

ಹಾಗಾಗಿ ಭಾನುವಾರ ಮಧ್ಯಾಹ್ನ ತನುಜಾ, "ಅಪ್ಪಾ, ಟಿಲ್ಲರ್ ನಾಳೆ ತೊಳೆದ್ರಾತು. ಎಲ್ಲರೂ ಕೂತು ಪಿಚ್ಚರ್ ನೋಡನ" ಅಂದಾಗ ಬೈರನ ಕಿವಿ ನೆಟ್ಟಗಾಯಿತು. ಆ ಮನೆಯಲ್ಲಿ ಈವರೆಗೆ ಯಾರೂ ಅವನನ್ನು ಪಿಚ್ಚರಿಗೆ ಕರೆದವರಿಲ್ಲ.

"ಎಂತಾ ಪಿಚ್ಚರು?"

"ಬೊಂಬೆ ಪಿಚ್ಚರು. ರಾಕ್ಷಸರು ಕಾಲೇಜಿಗೆ ಹೋಗೂದು."

"ರಾಕ್ಷಸರಿಗೆ ಎಂತಕ್ಕೆ ಕಾಲೇಜು?"

"ಹೆದರಿಸೂದು ಕಲಿಯೂಕೆ" ಎಂದು ತನುಜಾ ಟಿವಿಯ ಕಡೆ ತಿರುಗಿಕೊಂಡಳು.

ಚೌಡಮ್ಮ ಒಳಗಿಂದಲೇ ಹೇಳಿದಳು: "ಅಡ್ಮಿಶನ್ ಮುಗಿದದೆ, ನೀವು ಸುಮ್ಮಂಗೆ ಕೂತ್ಕಳಿ."

ಬೈರ ಗೋಡೆಗೊರಗಿ ಕೂತ. ಕಾವ್ಯಶ್ರೀ ಅಮ್ಮನ ಬೆನ್ನ ಹಿಂದೆ. ಪರದೆಯ ಮೇಲೆ ಕೋಡಿನವರು, ಬಾಲದವರು, ಮೈತುಂಬ ಮುಳ್ಳಿನವರು ಚೀಲ ಹೆಗಲಿಗೆ ಹಾಕಿಕೊಂಡು ಹಾಸ್ಟೆಲಿಗೆ ನಡೆದಿದ್ದರು. ಹಾಸಿಗೆಯಷ್ಟು ಅಗಲದ ಬಾಯಿಯ ಮೇಷ್ಟ್ರು ಗರ್ಜನೆಯ ಪಾಠ ಮಾಡಿದರು. ಮೊಲದ ಕಿವಿಯ ಒಬ್ಬ ಬಡಕಲ ರಾಕ್ಷಸ ಬಾಯಿ ತೆರೆದರೆ ಕೊಳಲಿನಂಥ ದನಿ.

"ಇವಂಗೆ ಹೆಜ್ಜೆ ಹಾಕೂಕೇ ಬರೂದಿಲ್ಲ" ಅಂದ ಬೈರ. "ತಮಟೆ ಇಲ್ದೇ ಎಂಥ ಗರ್ಜನೆ? ಇವ್ನ ಒಳಗೆ ಬಿಟ್ಟವ್ರು ಯಾರು?"

"ನಿಮ್ಗೆ ವೇಷ ಕಟ್ಟೂಕೆ ಬಿಟ್ಟವ್ರೇ ಇರ್ಬೇಕು" ಅಂದಳು ಚೌಡಮ್ಮ.

ಆಗ ಅಮ್ಮನ ಬೆನ್ನ ಹಿಂದಿನಿಂದ ನಗು ಕೇಳಿತು. ಆ ಮುಳ್ಳು, ಕೋಡು, ಬಾಯಿ ಯಾವುದಕ್ಕೂ ಕೂಸು ಹೆದರಿರಲಿಲ್ಲ. ಬೈರನಿಗೆ ಆ ನಗು ಎದೆಗೆ ತಾಗಿತು. ರಾಕ್ಷಸರೆಂದರೆ ಭಯವಿಲ್ಲ, ಹಾಗಾದರೆ ಅವಳಿಗೆ ಭಯ ತನ್ನೊಬ್ಬನದೇ. ಇದನ್ನು ತನ್ನ ಕಣ್ಣಿಗೆ ತೋರಿಸಿ, ಯಲ್ಲಾಪುರದ ಮಾತನ್ನು ತನ್ನ ಬಾಯಿಂದಲೇ ಆಡಿಸಲು ಇಷ್ಟೆಲ್ಲ.

"ತನು, ಕೂಸಿನ ಬಟ್ಟೆ ಚೀಲಕ್ಕೆ ಹಾಕಿ ಆತೇನೇ?"

"ಯಾವ ಚೀಲ?"

"ನಂಗೆ ಗೊತ್ತಾಗೂದಿಲ್ಲ ಅಂದ್ಕಂಡ್ಯಾ? ಮನೆ ರಾಕ್ಷಸ ನಾನೇ. ನೇರ ಹೇಳಿದ್ರಾಗ್ತಿತ್ತು."

ತನುಜಾಳ ಮುಖ ಸಣ್ಣದಾಯಿತು. "ಅಂಥವ್ರೂ ಒಳಗಿಂದ ಪಾಪದವ್ರು ಅಂತ ಅವಳಿಗೆ ಗೊತ್ತಾಗ್ಲಿ ಅಂತ ಹಾಕಿದ್ದಪ್ಪಾ. ಯಲ್ಲಾಪುರಕ್ಕೆ ಕಳಿಸೂಕೆ ನಂಗೇನು ಮನಸ್ಸದ್ಯಾ?"

ಕಾವ್ಯಶ್ರೀ ಅಮ್ಮನ ಭುಜದ ಮೇಲಿಂದ ಇಣುಕಿ ಕೇಳಿದಳು: "ಅಮ್ಮಾ, ಈ ರಾಕ್ಷಸ್ರನ್ನ ಯಾರು ಹಿಡ್ಕಂಡಾರೆ?"

"ಯಾರೂ ಇಲ್ಲ. ಅವು ಟಿವಿ ಒಳಗೇ ಇರ್ತ್ವು, ಹೊರಗೆ ಬರೂದಿಲ್ಲ."

"ಅಜ್ಜ ಹೊರಗೇ ಇದ್ನಲ್ಲ."

"ಅದಕ್ಕೇನು?"

"ಅವತ್ತು ಇಬ್ರು ಹಗ್ಗ ಹಾಕಿ ಹಿಡ್ಕಂಡಿದ್ರು. ಈಗ ಯಾರೂ ಹಿಡ್ಕಳೂದೇ ಇಲ್ಲ."

ಬೈರ ಗೋಡೆಯಿಂದ ಬೆನ್ನು ತೆಗೆದ. ಅವಳನ್ನು ಹೆದರಿಸಿದ್ದು ಬಣ್ಣವಲ್ಲ, ದನಿಯಲ್ಲ, ಮೀಸೆಯಂತೂ ಅಲ್ಲ. ಇಬ್ಬರು ಗಂಡಸರು ಬೆವರು ಸುರಿಸಿ ಹಿಡಿದಿಟ್ಟವನನ್ನು ಮನೆಯಲ್ಲಿ ಹಾಗೇ ಬಿಟ್ಟುಬಿಟ್ಟಿದ್ದಾರೆ. ಕೂಸು ಇಷ್ಟು ದಿನ ಒಂದೇ ಕಾವಲು ಕಾದಿತ್ತು.

ಅವನ ಕಣ್ಣು ಅಟ್ಟದ ಕಡೆ ಹೋಯಿತು. ಚೌಡಮ್ಮ ತಲೆಯಾಡಿಸಿದಳು. "ಬ್ಯಾಡ. ವೇಷದ ಹಗ್ಗ ಹೋಳಿಗಿಂತ ಮುಂಚೆ ಇಳಿಸೂ ಹಾಂಗಿಲ್ಲ."

ಬೈರ ಅಂಗಳಕ್ಕೆ ಹೋಗಿ ಬಟ್ಟೆ ಒಣಗಿಸುವ ನೈಲಾನ್ ಹಗ್ಗ ಬಿಚ್ಚಿದ. ಎರಡು ಕ್ಲಿಪ್ಪುಗಳು ಅದರಲ್ಲೇ ಉಳಿದಿದ್ದವು. ಒಳಗೆ ಬಂದು ಒಂದು ತುದಿಯನ್ನು ಸೊಂಟಕ್ಕೆ ಬಿಗಿಯಾಗಿ ಕಟ್ಟಿಕೊಂಡು, ಇನ್ನೊಂದು ತುದಿಯನ್ನು ನೆಲದ ಮೇಲೆ ಕಾವ್ಯಶ್ರೀಯ ಕಡೆ ಸರಿಸಿದ. ಆಮೇಲೆ ಅವಳಿಗೆ ಬೆನ್ನು ಮಾಡಿ ನಿಂತ, ವೇಷದಲ್ಲಿ ನಿಲ್ಲುವಂತೆಯೇ.

ಬಹಳ ಹೊತ್ತು ಏನೂ ಆಗಲಿಲ್ಲ. ಟಿವಿಯಲ್ಲಿ ರಾಕ್ಷಸರ ಪರೀಕ್ಷೆ ನಡೆದಿತ್ತು. ಆಮೇಲೆ ಸೊಂಟದ ಬಳಿ ಒಂದು ಸಣ್ಣ ಜಗ್ಗು. ಬೈರ ಒಂದು ಹೆಜ್ಜೆ ಹಿಂದೆ ಬಂದ. ಇನ್ನೊಂದು ಜಗ್ಗು, ಇನ್ನೊಂದು ಹೆಜ್ಜೆ.

"ಕೂರು" ಅಂದಳು ಕಾವ್ಯಶ್ರೀ.

ಬೈರ ಕೂತ. ಅವನು ನಿಜಕ್ಕೂ ಕೂತನೇ ಎಂದು ಅವಳು ಬಗ್ಗಿ ನೋಡಿದಳು.

"ನಾಳೆ ನಾ ಅಂಗಡಿಗೆ ಹೋದ್ಮೇಲೆ ಅಜ್ಜನ್ನ ಯಾರು ಹಿಡ್ಕಂತಾರೆ?" ಎಂದು ತನುಜಾ ಕೇಳಿದಳು.

"ನಾನೇ. ಅಜ್ಜಿ ಅಷ್ಟು ಗಟ್ಟಿ ಇಲ್ಲ."

ಚೌಡಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ಹಾಗಾದ್ರೆ ನಾನು ಬಟ್ಟೆ ಎಲ್ಲಿ ಒಣಗಿಸೂದು ಅಂದಳು. ಪರದೆಯ ಮೇಲೆ ಮೊಲದ ಕಿವಿಯವನು ಪಾಸಾಗಿ ಕುಣಿಯುತ್ತಿದ್ದ. ಅದನ್ನು ನೋಡಿದವನು ಬೈರ ಒಬ್ಬನೇ. ಆ ಕಾಲೇಜಿನ ಮೇಲೆ ಅವನಿಗೆ ಈಗಲೂ ನಂಬಿಕೆ ಬಂದಿರಲಿಲ್ಲ. ಏನೋ ಹೇಳಲು ಅವನು ಹಿಂದೆ ತಿರುಗಿದ. ಕಾವ್ಯಶ್ರೀ ಹಿತ್ತಲಿಗೆ ಓಡಲಿಲ್ಲ. ಹಗ್ಗವನ್ನು ಮಾತ್ರ ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡಳು.