ಇಂಗಾಲ ಅಂದರೆ ಇಜ್ಜಲು

ಸಭೆಯಲ್ಲಿ ಆಡಿದ ಒಂದೇ ಒಂದು ಪದಕ್ಕೆ ನಿಮ್ಮೂರಲ್ಲಿ ಯಾರದಾದರೂ ಕೈ ಮುರಿದದ್ದುಂಟಾ? ನಾನು ಕಣ್ಣಾರೆ ಕಂಡಿದ್ದೇನೆ.

ಎರಡು ಸಾವಿರದ ಇಸವಿ ದಾಟಿದ ಹೊಸತು. ಅರಸೀಕೆರೆ, ಹಳೇಬೀಡು ನಡುವಿನ ಹಳ್ಳಿಗಳಲ್ಲಿ ಅರಣ್ಯ ಸಮಿತಿ ಕಟ್ಟಿ ಜನರಿಗೆ ತರಬೇತಿ ಕೊಡಿಸುವ ಕೆಲಸ ನನ್ನದು. ಕೆಲಸವೆಂದರೆ ಜನ ಸೇರಿಸುವುದು, ಜಮಖಾನ ಹಾಸುವುದು, ಟೀ ಹಂಚುವುದು. ಒಂದೂರಿನ ಶಾಲೆ ಅಂಗಳಕ್ಕೆ ಬೆಂಗಳೂರಿನಿಂದ ತರಬೇತುದಾರರು ಬಂದರು. ಮರ ಗಾಳಿಯಲ್ಲಿರುವ ಇಂಗಾಲವನ್ನು ಹೀರಿ ಇಟ್ಟುಕೊಳ್ಳುತ್ತದೆ, ಕಾಡು ಉಳಿಸಿದರೆ ಮುಂದೆ ಅದಕ್ಕೆ ಹೊರದೇಶದವರು ದುಡ್ಡು ಕೊಡಬಹುದು ಎಂದು ವಿವರಿಸಿದರು. ಯಾರ ತಲೆಗೂ ಹತ್ತಲಿಲ್ಲ. ಸುಲಭ ಮಾಡಲು ಹೋಗಿ, "ಇಂಗಾಲ ಅಂದ್ರೆ ಇಜ್ಲು ಅಂತಿಟ್ಕೊಳ್ಳಿ" ಅಂದುಬಿಟ್ಟರು.

ಎಲ್ಲರ ಕತ್ತೂ ಹಿಂದಕ್ಕೆ ತಿರುಗಿತು. ಅಲ್ಲಿ ಇಜ್ಜಲು ಸುಡುವ ಗಂಡಹೆಂಡತಿ ಕೂತಿದ್ದರು. ಕೆರೆಯಂಗಳದ ಜಾಲಿ ಕಡಿದು, ಗುಂಡಿಗೆ ತುಂಬಿ ಮಣ್ಣು ಮುಚ್ಚಿ ಸುಟ್ಟು, ಅರಸೀಕೆರೆಯ ಇಸ್ತ್ರಿ ಅಂಗಡಿಗಳಿಗೆ ಮೂಟೆ ಹಾಕುವುದೇ ಅವರ ಅನ್ನ.

"ಏನ್ಲಾ, ಊರ್ ದುಡ್ಡೆಲ್ಲಾ ನೀನೊಬ್ನೇ ಸುಟ್ಕಂಡ್ ತಿಂತಾ ಇದೀಯಲ್ಲೋ" ಎಂದು ಸಮಿತಿ ಅಧ್ಯಕ್ಷ ನಕ್ಕ. ತಮಾಷೆ ಅಂದುಕೊಂಡು ನಾವೂ ನಕ್ಕೆವು.

ತಮಾಷೆ ಸಂಜೆವರೆಗೂ ಬಾಳಲಿಲ್ಲ. ಊರಿಗೆ ಬರಬೇಕಾದ ದುಡ್ಡನ್ನು ಇವನು ಸುಡುತ್ತಿದ್ದಾನೆಂದು ನಿಜವಾಗಿಯೇ ನಂಬಿ, ಅಧ್ಯಕ್ಷ ಒಂದಷ್ಟು ಗಂಡಸರನ್ನು ಕಟ್ಟಿಕೊಂಡು ಕೆರೆ ಕಡೆ ಹೊರಟ. ಜಮಖಾನ ಸುತ್ತುತ್ತಿದ್ದ ನಾನು ಹಿಂದೆಯೇ ಓಡಿದೆ. ಬೇಯುತ್ತಿದ್ದ ಗುಂಡಿಗೆ ಹಾರೆ ಹಾಕಿ ಮಣ್ಣು ಕೆದಕಿದರು. ಗಾಳಿ ತಗುಲಿದ್ದೇ ಒಳಗಿನ ಸೌದೆಯೆಲ್ಲ ಭಗ್ಗನೆ ಹೊತ್ತಿಕೊಂಡಿತು. ಅಡ್ಡ ಬಂದ ಗಂಡನಿಗೆ ಅದೇ ಹಾರೆಯಿಂದ ಬಾರಿಸಿದರು. ಕೈಮೂಳೆ ಲಟಕ್ಕೆಂದದ್ದು ನನಗೆ ಕೇಳಿಸಿತು. ಬಿದ್ದವನನ್ನು ಹೊಟ್ಟೆಗೆ ಒದ್ದರು. ಬಿಡಿಸಲು ಹೋದ ನನ್ನ ತುಟಿಯೂ ಸೀಳಿತು.

ಮುಂದಿನ ಸಭೆಗೆ ಹೆಂಡತಿ ಒಬ್ಬಳೇ ಬಂದಳು. ಮಡಿಲಲ್ಲಿದ್ದ ಇಜ್ಜಲನ್ನು ತರಬೇತುದಾರರ ಮುಂದೆ ಸುರಿದಳು.

"ಸಾರ್, ಹೊರದೇಸ್ದೋರು ಕೊಳ್ಳದು ಇದ್ನೇಯಾ? ಸರ್ಯಾಗ್ ಯೋಳಿ."

ಇದಲ್ಲಮ್ಮ, ನಾನು ಹೇಳಿದ್ದೇ ತಪ್ಪಾಯಿತು, ಅದು ನಿಂತ ಮರದೊಳಗೆ ಇರುವಂಥದ್ದು, ಕಣ್ಣಿಗೆ ಕಾಣುವುದಿಲ್ಲ ಎಂದು ಅವರು ತಡವರಿಸಿದರು.

"ಕಣ್ಣಿಗ್ ಕಾಣ್ದೇ ಇರೋದಕ್ಕೆ ನನ್ ಗಂಡನ್ ಕೈ ಮುರುದ್ರಾ?"

ಒಂದು ತುಂಡನ್ನು ಅಂಗೈಯಲ್ಲೇ ಪುಡಿ ಮಾಡಿದಳು. ಅಧ್ಯಕ್ಷನ ಕೂದಲು ಹಿಡಿದು, ಮುಖಕ್ಕೆ, ಕಣ್ಣಿಗೆ, ಬಾಯೊಳಕ್ಕೆ ತಿಕ್ಕಿದಳು. ಅವನು ಅವಳ ಕೆನ್ನೆಗೆ ಹೊಡೆಯುತ್ತಲೇ ಇದ್ದ, ಅವಳು ಬಿಡಲಿಲ್ಲ. ಹಾರೆ ಹಿಡಿದಿದ್ದವರೆಲ್ಲ ತಲೆ ಬಗ್ಗಿಸಿ ಕೂತಿದ್ದರು.

ಗಂಡನ ಕೈ ನೆಟ್ಟಗೆ ಕೂಡಿಕೊಳ್ಳಲೇ ಇಲ್ಲ, ಕೊಡಲಿ ಎತ್ತಲಾಗಲಿಲ್ಲ. ಗುಂಡಿ ಮತ್ತೆ ಹೊತ್ತಲಿಲ್ಲ. ಇಬ್ಬರೂ ಅರಸೀಕೆರೆ ಸೇರಿ, ಅವಳು ತೆಂಗಿನಕಾಯಿ ಮಂಡಿಯಲ್ಲಿ ಕೂಲಿಗೆ ನಿಂತಳು. ಇಂಗಾಲದ ದುಡ್ಡು ಆ ಊರಿಗೆ ಇವತ್ತಿಗೂ ಬಂದಿಲ್ಲ.

ನಿಮ್ಮೂರ ಸಭೆಯಲ್ಲಿ ಯಾವ ಪದ ಯಾರಿಗೆ ಏಟು ಹಾಕಿಸಿತು? ಕೆಳಗೆ ಬರೆಯಿರಿ. ಹೊಡೆದವರ ಹೆಸರು ಬೇಡ, ಆ ಪದ ಹೇಳಿ.