ಮೇಡಂ ಗಂಟಲು ಕಟ್ಟಿದ ವಾರ

ಸರ್ಜಾಪುರದ ಆಚೆ ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವ ಶೋಭಾರಾಣಿ ಮೇಡಂಗೆ ತರಗತಿ ಸುಮ್ಮನಿದ್ದರೆ ಚಡಪಡಿಕೆ. ಪ್ರಶ್ನೆ ಕೇಳಿ, ಮಕ್ಕಳು ಬಾಯಿ ತೆರೆಯುವಷ್ಟರಲ್ಲಿ ಉತ್ತರವನ್ನೂ ತಾವೇ ಹೇಳಿಬಿಡುತ್ತಿದ್ದರು. ಆನೇಕಲ್ಲಿನ ತರಬೇತಿಯಲ್ಲಿ ಈ ವರ್ಷ ಹೊಸ ಕ್ರಮವೊಂದನ್ನು ಹೇಳಿಕೊಟ್ಟರು. ಮೊದಲು ಟೀಚರ್ ಓದಿ ಅರ್ಥ ಬಿಡಿಸಿ ತೋರಿಸಬೇಕು, ಆಮೇಲೆ ಎಲ್ಲರೂ ಸೇರಿ ಬಿಡಿಸಬೇಕು, ಕೊನೆಗೆ ಮಕ್ಕಳನ್ನು ಅವರ ಪಾಡಿಗೆ ಬಿಡಬೇಕು. ಮೇಡಂಗೆ ಬಹಳ ಹಿಡಿಸಿತು. ಮಕ್ಕಳನ್ನು ಅವರ ಪಾಡಿಗೆ ಬಿಡುವುದು ಎಷ್ಟು ಮುಖ್ಯವೆಂದು ಒಂಬತ್ತನೇ ತರಗತಿಗೆ ಇಡೀ ಪೀರಿಯಡ್ ವಿವರಿಸಿದರು.

ಮೊದಲ ಹಂತ ಸಲೀಸಾಗಿ ಮುಗಿಯಿತು. ಎರಡನೆಯದೂ ಥೇಟ್ ಮೊದಲನೆಯದರ ಹಾಗೇ ಇತ್ತು. ಮೂರನೆಯದು ಬರುವ ಹೊತ್ತಿಗೆ, ರಸ್ತೆ ಅಗೆದ ಧೂಳಿಗೋ ಏನೋ, ಮೇಡಂ ಗಂಟಲು ಕಟ್ಟಿತು. ಒಂದು ವಾರ ಮಾತೇ ಬೇಡ ಎಂದರು ಡಾಕ್ಟರು. ಬೋರ್ಡಿನ ಮೇಲೆ 'ನೀವೇ ಓದಿ, ನೀವೇ ಹೇಳಿ' ಎಂದು ಬರೆದು ಮೇಡಂ ಕುರ್ಚಿಯಲ್ಲಿ ಕೂತರು.

ಓದಬೇಕಿದ್ದದ್ದು ಚಿಕ್ಕ ಗದ್ಯ. ಹುಣಸೆಮರ ಕಡಿಯಲು ಬಂದವರಿಗೆ ಮುದುಕಿಯೊಬ್ಬಳು ಮಜ್ಜಿಗೆ ಕೊಡುತ್ತಾಳೆ. ಯಾಕೆ? ಅತಿಥಿ ಸತ್ಕಾರ ಎಂದು ಮೇಡಂ ವರ್ಷವರ್ಷವೂ ಬರೆಸುತ್ತಿದ್ದರು.

"ಬಾಯಾರಿರುತ್ತೆ ಅಂತ ಕೊಡ್ತಾಳೆ ಕಣೋ. ಒಳ್ಳೆ ಅಜ್ಜಿ," ಎಂದ ಮನು. ಮೇಡಂ ಖುಷಿಯಿಂದ ತಲೆಯಾಡಿಸಿದರು.

ಅಪಾರ್ಟ್‌ಮೆಂಟ್ ಕಟ್ಟುವ ಕೆಲಸಕ್ಕೆ ಬಾಗಲಕೋಟೆ ಕಡೆಯಿಂದ ಬಂದವರ ಮಗಳು ಶೀತಲ್ ಒಪ್ಪಲಿಲ್ಲ. "ಅಲ್ಲ. ಆಕಿ ಹೊತ್ತು ಕಳೀಲಿಕ್ಕತ್ತಾಳ. ಅವ್ರು ಮಜ್ಜಿಗಿ ಕುಡಿಯೂತನಕ ಕೊಡ್ಲಿ ಕೆಳಗ ಇರ್ತೈತಿ."

"ಹಂಗಂತ ಎಲ್ಲಿ ಬರ್ದಿದೆ?"

"ಬರ್ದಿಲ್ಲ. ಎರಡನೇ ಸಲ ಹಾಕೂವಾಗ ದಾರಿ ಕಡೆ ನೋಡಿದ್ಳು ಅಂತೈತಿ. ಯಾರೋ ಬರೂದೈತಿ."

ಮೇಡಂ ತಿದ್ದಲು ಎದ್ದರು. ದನಿ ಹೊರಡಲಿಲ್ಲ. ಮತ್ತೆ ಕೂತು ಪುಸ್ತಕ ತೆರೆದರು. ಸಾಲು ಅಲ್ಲೇ ಇತ್ತು. ಅದೆಷ್ಟು ಸಲ ಅದನ್ನು ಗಟ್ಟಿಯಾಗಿ ಓದಿ ಹೇಳಿದ್ದರೋ. ನಾಚಿಕೆಯಾಯಿತು, ಹಿಂದೆಯೇ ಯಾಕೋ ಸಂತೋಷವೂ ಆಯಿತು.

ತಾಲ್ಲೂಕಿನ ಪರೀಕ್ಷೆಯಲ್ಲೂ ಅದೇ ಗದ್ಯ ಬಂತು. ತರಗತಿಯ ಬಹುಪಾಲು ಮಕ್ಕಳು ಶೀತಲ್ ಹೇಳಿದಂತೆ ಬರೆದರು. ಮೇಡಂ ಪೂರ್ತಿ ಅಂಕ ಕೊಟ್ಟರು.

ಹೆಡ್‌ಮಾಸ್ಟರ್ ಮುನಿರಾಜು ಕರೆಸಿದರು. "ಕೀ ಆನ್ಸರ್ ನೋಡ್ಲಿಲ್ವಾ ಮೇಡಂ? ಅತಿಥಿ ಸತ್ಕಾರ ಅಂತಿದೆ."

"ನೋಡ್ದೆ ಸಾರ್. ಗದ್ಯಾನೂ ಓದ್ದೆ."

"ಗದ್ಯ ಯಾಕೆ ಓದೋಕ್ಹೋದ್ರಿ? ಕೀ ಪ್ರಕಾರ ಹಾಕಿ, ಮೇಲಿನವರು ಚೆಕ್ ಮಾಡ್ತಾರೆ."

ವಾಪಸ್ ಬಂದಿದ್ದ ಗಂಟಲಿನಿಂದ ಮೇಡಂ ಬೇಕಾದಷ್ಟು ವಾದ ಮಾಡಿದರು. ಕೊನೆಗೆ ತಾವೇ ಕೊಟ್ಟ ಅಂಕಗಳನ್ನು ಕೆಂಪು ಪೆನ್ನಿನಲ್ಲಿ ಹೊಡೆದುಹಾಕಿದರು. ಹಿಂದಿನ ವರ್ಷದವರ ನೋಟ್ಸ್ ನೋಡಿ ಅತಿಥಿ ಸತ್ಕಾರ ಎಂದು ಬರೆದಿದ್ದವನು ಮನು ಒಬ್ಬನೇ.

"ನಿಂಗೆ ಕೊನೆಗೂ ಅರ್ಥ ಆಗ್ಲಿಲ್ವೇನೋ?" ಎಂದು ಕೇಳಿದರು.

"ಆಯ್ತು ಮಿಸ್, ಶೀತಲ್ ಹೇಳಿದ್ದೇ ಸರಿ. ಆದ್ರೆ ಕೀ ಬರೆದೋರು ನಮ್ ಕ್ಲಾಸಲ್ಲಿ ಕೂತಿರ್ಲಿಲ್ವಲ್ಲ."

ಇವನಿಗೆ ಬೈಯಬೇಕೋ ಶಹಬ್ಬಾಸ್ ಅನ್ನಬೇಕೋ ಮೇಡಂಗೆ ತಿಳಿಯಲಿಲ್ಲ. ಶೀತಲ್ ಮಾತ್ರ ಮನು ಜೊತೆ ಒಂದು ವಾರ ಮಾತು ಬಿಟ್ಟಳು.